ಆನೆನ ಎಲ್ಲಿಗೆ ಹೊಡೀಲಿ? ಹೈಕೋರ್ಟಿಗೆ ಹೋದ ಆಲೂರು ಪ್ರಕರಣ

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಪಾಳ್ಯದ ಕಡೆ ನನ್ನ ಸೋದರಮಾವನಿಗೆ ಎರಡು ಎಕರೆ ಗದ್ದೆ ಇದೆ. ಅದರ ಮೇಲಕ್ಕೆ ಸ್ವಲ್ಪ ರೋಬಸ್ಟಾ ಕಾಫಿ, ನಡುವೆ ಬಾಳೆ, ಅಂಚಿನಲ್ಲಿ ಎರಡು ಬೈನೆ ಮರ. ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆ ಇಳಿಯುತ್ತವೆ. ಒಂದು ವರ್ಷ ಹಿಂಡು ಇಳಿದು ಹೋದ ಮರುದಿನ ಬೆಳಿಗ್ಗೆ ನಾನು ಹಾಸನದಿಂದ ಹೋದೆ. ಗದ್ದೆಯ ಅರ್ಧ ಭಾಗ ಕೆಸರಿಗೆ ಒತ್ತಿಹೋಗಿತ್ತು, ಹೆಜ್ಜೆಗುಳಿಗಳಲ್ಲಿ ನೀರು ನಿಂತಿತ್ತು. ಬದುವಿನ ಮೇಲೆ ಕೂತಿದ್ದ ಮಾವ ತಲೆಯೆತ್ತದೆ ಕೇಳಿದರು: “ನೀನು ಲಾಯರ್ ಅಲ್ವೇನಪ್ಪ. ಗದ್ದೆ ತುಳಿದ ದನನ ದೊಡ್ಡಿಗೆ ಹೊಡಿಬೋದು. ಆನೆನ ಎಲ್ಲಿಗೆ ಹೊಡೀಲಿ?”

ಆ ದಿನ ನಾನು ಉತ್ತರ ಹೇಳಲಿಲ್ಲ. ದನ ದೊಡ್ಡಿಗೆ ಹೋದರೆ ದನದ ಯಜಮಾನ ದಂಡ ಕಟ್ಟಿ ಬಿಡಿಸಿಕೊಳ್ಳುತ್ತಾನೆ. ಅಲ್ಲಿ ನಷ್ಟಕ್ಕೆ ಒಬ್ಬ ಹೊಣೆಗಾರ ಇರುತ್ತಾನೆ. ಆನೆಗೆ ಯಜಮಾನ ಯಾರು? ಇದೇ ಪ್ರಶ್ನೆ ಬೇರೆ ಮಾತಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ವರ್ಷಗಟ್ಟಲೆ ಇತ್ತು. ಅದಕ್ಕೆ ಸಿಕ್ಕ ಉತ್ತರ ಆಲೂರಿನ ಮೇಲೆಯೇ ಬಂದು ಬಿತ್ತು. ಆ ಪ್ರಕರಣವನ್ನು ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ. ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ ಭೂಮಿಯದ್ದು. ನೆಲದ ಮೇಲೆ ಜಾರಿಯಾದದ್ದು ಮಾತ್ರ ಆನೆ ಹಿಡಿಯುವ ಭಾಗ. ನಮ್ಮ ತಾಲ್ಲೂಕು ಇವತ್ತಿಗೂ ಆ ಅಂತರದ ನಡುವೆಯೇ ಬದುಕುತ್ತಿದೆ.

ನೀರಿನಿಂದ ಶುರುವಾದದ್ದು

ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದರಲ್ಲಿ ನಿಲ್ಲುವ ನೀರು ಸುಮಾರು 37 ಟಿಎಂಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಚರ್ಚು ಎದ್ದು ನಿಲ್ಲುತ್ತದೆ. ಫೋಟೋ ತೆಗೆಯಲು ಜನ ಬರುತ್ತಾರೆ. ನಮ್ಮ ಮನೆಯವರಿಗೆ ಆ ಹಿನ್ನೀರು ಅಂದರೆ ತಾತನ ಗದ್ದೆ. ನೀರಿನಡಿ ಹೋದ ಊರುಗಳ ಜನಕ್ಕೆ ಬೇರೆ ಕಡೆ ಜಮೀನು ಕೊಡಬೇಕಾಯಿತು. ಅದರಲ್ಲಿ ಒಂದಷ್ಟು ಕಾಡಿನ ಅಂಚಿನಲ್ಲಿ, ಒಂದಷ್ಟು ಕಾಡನ್ನೇ ಕಡಿದ ಜಾಗದಲ್ಲಿ ಸಿಕ್ಕಿತು. ಕೊಡಗಿನ ಕಡೆಯಿಂದ ಕಟ್ಟೇಪುರ, ದೊಡ್ಡಬೆಟ್ಟದ ಮೂಲಕ ಓಡಾಡುತ್ತಿದ್ದ ಆನೆಗಳ ದಾರಿಗೆ ಒಂದು ಕಡೆ ನೀರು ಬಂತು, ಇನ್ನೊಂದು ಕಡೆ ಹೊಲ ಬಂತು. ಉಳಿದ ಕಾಡು ತುಂಡುತುಂಡಾಯಿತು. ಆ ತುಂಡುಗಳ ನಡುವೆ ನೀರು, ನೆರಳು, ಭತ್ತ, ಬಾಳೆ, ಹಲಸು ಎಲ್ಲವೂ ಸಿಗುವ ಕಾಫಿ ತೋಟಗಳು. ಆನೆ ಅಲ್ಲೇ ನಿಂತಿತು. ತೋಟದಲ್ಲೇ ಮರಿ ಹಾಕಿತು. ಆ ಮರಿಗಳಿಗೆ ತೋಟವೇ ಕಾಡು.

ಹಾಗಾಗಿ “ಆನೆ ನಾಡಿಗೆ ಬಂತು” ಎಂಬ ಮಾತು ನಮ್ಮಲ್ಲಿ ಅರ್ಧ ಸತ್ಯ. ಮಾವನ ಜಮೀನೂ ಆನೆಯ ಹಿಂಡೂ ಒಂದೇ ಯೋಜನೆಯಿಂದ ಎತ್ತಂಗಡಿಯಾದವು. ಪುನರ್ವಸತಿ ಸಿಕ್ಕಿದ್ದು ಮಾತ್ರ ಒಬ್ಬರಿಗೆ, ಅದೂ ಅರೆಬರೆ.

ಅರ್ಜಿ

2008ರಲ್ಲಿ ಹೈಕೋರ್ಟು ಆನೆಗಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಸ್ವಯಂಪ್ರೇರಿತ ರಿಟ್ ಅರ್ಜಿ, ಸಂಖ್ಯೆ 14029. ಅದರ ಜೊತೆಗೆ ಬೇರೆ ಅರ್ಜಿಗಳೂ ಸೇರಿಕೊಂಡವು. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಇಂಥ ಅಧಿಕಾರ ಇದೆ. ಆದರೆ ಈ ಅಧಿಕಾರ ಬಳಸುವಾಗ ಎದುರಾಗುವ ತೊಡಕು ಸಣ್ಣದಲ್ಲ. ಎಲ್ಲಿ ಕಂದಕ ತೋಡಬೇಕು, ಎಲ್ಲಿ ಸೋಲಾರ್ ಬೇಲಿ ಹಾಕಬೇಕು, ಯಾವ ಹಿಂಡನ್ನು ಸಾಗಿಸಬೇಕು ಎಂಬುದನ್ನು ಬೆಂಗಳೂರಿನ ಕೋರ್ಟ್ ಹಾಲಿನಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ, ಆಗಲೂಬಾರದು.

ನ್ಯಾಯಾಲಯ ಹಿಡಿದ ದಾರಿ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ಅದು ತಜ್ಞರನ್ನು ಕರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ ಕರ್ನಾಟಕ ಆನೆ ಕಾರ್ಯಪಡೆ ರಚನೆಯಾಯಿತು. 2012ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಆ ವರದಿ ರಾಜ್ಯದ ಆನೆ ಇರುವ ನೆಲವನ್ನು ಮೂರು ವಲಯವಾಗಿ ನೋಡಿತು. ಆನೆಗೇ ಮೊದಲ ಆದ್ಯತೆ ಇರುವ ಸಂರಕ್ಷಣಾ ವಲಯ ಒಂದು. ಆನೆ ಮತ್ತು ಮನುಷ್ಯ ಇಬ್ಬರೂ ಹೊಂದಿಕೊಂಡು ಬದುಕಬೇಕಾದ ಸಹಬಾಳ್ವೆಯ ವಲಯ ಇನ್ನೊಂದು. ಆನೆಗೂ ಉಳಿಗಾಲವಿಲ್ಲ, ಜನಕ್ಕೂ ನೆಮ್ಮದಿಯಿಲ್ಲ ಅನ್ನುವಂಥ ಕಡೆ ಆನೆಗಳನ್ನು ಪೂರ್ತಿ ತೆಗೆಯಬೇಕಾದ ತೆರವು ವಲಯ ಮೂರನೆಯದು. ಆಲೂರಿನ ಭಾಗ ಮೂರನೆಯದಕ್ಕೆ ಬಿತ್ತು.

2013ರಲ್ಲಿ ಹೈಕೋರ್ಟಿನ ಆದೇಶ ಬಂತು. ಆಲೂರಿನ ಆನೆ ಹಿಡಿಯುವ ದಾರಿ ತೆರೆಯಿತು. ಸಾಕಾನೆಗಳು ಬಂದವು, ಮಾವುತರು ಬಂದರು, ಅರಿವಳಿಕೆಯ ಕೋವಿ ಹಿಡಿದ ವೈದ್ಯರು ಬಂದರು. 2013–14ರ ಆ ಕಾರ್ಯಾಚರಣೆಯಲ್ಲಿ 22 ಆನೆಗಳನ್ನು ಹಿಡಿದರು. ಲಾರಿ ಹೋಗುವ ರಸ್ತೆಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಚಪ್ಪಾಳೆ ಹೊಡೆದವರಿದ್ದರು. ಕೈ ಮುಗಿದವರೂ ಇದ್ದರು, ಅತ್ತವರೂ ಇದ್ದರು. ನಮ್ಮಲ್ಲಿ ಆನೆ ಅಂದರೆ ಗಣಪತಿ. ಗದ್ದೆ ತುಳಿದರೂ ಆ ಭಾವ ಹೋಗುವುದಿಲ್ಲ.

ಕಾನೂನಿನ ಗಂಟು

ಇಲ್ಲಿ ನಿಧಾನವಾಗಿ ನೋಡಬೇಕಾದ್ದು ಬಹಳ ಇದೆ. ಹೈಕೋರ್ಟು ಹೇಳಿದ ಮಾತ್ರಕ್ಕೆ ಆನೆ ಹಿಡಿಯಲು ಬರುತ್ತದೆಯೇ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಆನೆ ಅದರ ಒಂದನೇ ಅನುಸೂಚಿಗೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಗೆ, ಸೇರಿದ್ದು 1977ರಲ್ಲಿ. ಈ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದೂ ಬೇಟೆಯೇ, ಆ ಉದ್ದೇಶಕ್ಕೆ ಅಟ್ಟಿಸಿಕೊಂಡು ಹೋಗುವುದೂ ಬೇಟೆಯೇ. 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಅದಕ್ಕೆ ವಿನಾಯಿತಿ ಕೊಡುವುದು ಮುಖ್ಯವಾಗಿ 11 ಮತ್ತು 12ನೇ ಸೆಕ್ಷನ್‌ಗಳು.

11ನೇ ಸೆಕ್ಷನ್ನಿನಲ್ಲಿ ಒಂದು ಸಣ್ಣ ಭೇದ ಇದೆ. ಮಾವನ ಇಡೀ ಬದುಕು ಆ ಭೇದದ ಮೇಲೆ ನಿಂತಿದೆ. ಒಂದನೇ ಅನುಸೂಚಿಯ ಪ್ರಾಣಿ ‘ಮನುಷ್ಯನ ಜೀವಕ್ಕೆ’ ಅಪಾಯಕಾರಿ ಎಂದು, ಇಲ್ಲವೇ ಗುಣವಾಗದಷ್ಟು ಗಾಯ ಅಥವಾ ರೋಗಕ್ಕೆ ಸಿಕ್ಕಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದರೆ, ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಅದರ ಕೆಳಗಿನ ಅನುಸೂಚಿಯ ಪ್ರಾಣಿಗಳಿಗಾದರೆ ‘ಜೀವಕ್ಕೆ ಅಥವಾ ಆಸ್ತಿಗೆ, ನಿಂತ ಬೆಳೆಯೂ ಸೇರಿ’ ಎಂದಿದೆ. ಅಂದರೆ ಕಾಡುಹಂದಿ ಗದ್ದೆ ಹಾಳುಮಾಡಿದರೆ ಕಾನೂನಿಗೆ ಕಾಣುತ್ತದೆ. ಆನೆ ಅದೇ ಗದ್ದೆ ಹಾಳುಮಾಡಿದರೆ ಅದೊಂದೇ ಕಾರಣಕ್ಕೆ ಅದನ್ನು ಹಿಡಿಯಲು 11ನೇ ಸೆಕ್ಷನ್ ಬಿಡುವುದಿಲ್ಲ. ಹಿಡಿದರೂ ಮತ್ತೊಂದು ಷರತ್ತು ಇದೆ. ಆ ಪ್ರಾಣಿಯನ್ನು ಕಾಡಿಗೆ ಮರಳಿ ಬಿಡಲು ಸಾಧ್ಯವಿಲ್ಲ ಎಂದು ಮನವರಿಕೆಯಾಗಿ, ಕಾರಣ ದಾಖಲಾದರೆ ಮಾತ್ರ ಸೆರೆಯಲ್ಲಿ ಇಡಬಹುದು.

ಈ ಭೇದ ಸರಿಯೇ? ನಾನು ರೈತನ ಮನೆಯವನಾಗಿಯೂ ಸರಿ ಎನ್ನುತ್ತೇನೆ. ಬೆಳೆ ತಿಂದ ಆನೆಯನ್ನೆಲ್ಲ ಹಿಡಿಯಬಹುದು ಎಂದರೆ ಹಾಸನ, ಕೊಡಗು, ಚಿಕ್ಕಮಗಳೂರಿನಲ್ಲಿ ಒಂದು ಆನೆಯೂ ಉಳಿಯುವುದಿಲ್ಲ. ಆದರೆ ಸಂಸತ್ತು ಹೀಗೆ ಆನೆಯ ಕಡೆ ತೂಕ ಹಾಕಿದ ಮೇಲೆ, ಅದರ ಬೆಲೆಯನ್ನು ಯಾರು ಕೊಡಬೇಕು ಎಂಬುದನ್ನೂ ಹೇಳಬೇಕಿತ್ತು. ಕಾಯ್ದೆ ಅದನ್ನು ಹೇಳಲಿಲ್ಲ. ಆ ಬೆಲೆಯನ್ನು ಪಾಳ್ಯದ, ಮಗ್ಗೆಯ, ರಾಯರಕೊಪ್ಪಲಿನ ಎರಡು ಎಕರೆಯವರು ಕೊಡುತ್ತಿದ್ದಾರೆ.

ಒಂದು ಹಿಂಡನ್ನೇ ತೆರವು ಮಾಡಬೇಕಾದಾಗ 12ನೇ ಸೆಕ್ಷನ್ ನೆನಪಾಗುತ್ತದೆ. ಅದರಲ್ಲಿ ‘ವೈಜ್ಞಾನಿಕ ನಿರ್ವಹಣೆ’ ಎಂಬ ಮಾತಿದೆ. ಪ್ರಾಣಿಯನ್ನು ಬೇರೆ ಯೋಗ್ಯ ನೆಲೆಗೆ ಸಾಗಿಸುವುದು, ಕೊಲ್ಲದೆ ಸಂಖ್ಯೆಯನ್ನು ನಿಭಾಯಿಸುವುದು ಇದರಲ್ಲಿ ಬರುತ್ತದೆ. ಒಂದನೇ ಅನುಸೂಚಿಯ ಪ್ರಾಣಿಗಾದರೆ ಕೇಂದ್ರ ಸರ್ಕಾರದ ಮುಂಗಡ ಒಪ್ಪಿಗೆ ಬೇಕು. ಕಾರಣ ಹಳೆಯದು. 1976ರ 42ನೇ ತಿದ್ದುಪಡಿ ಕಾಡು ಮತ್ತು ಕಾಡುಪ್ರಾಣಿಗಳ ವಿಷಯವನ್ನು ರಾಜ್ಯಪಟ್ಟಿಯಿಂದ ತೆಗೆದು, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹಾಕಿತು. ಅದೇ ತಿದ್ದುಪಡಿ 48ಎ ವಿಧಿಯನ್ನೂ 51ಎ(ಜಿ) ವಿಧಿಯನ್ನೂ ತಂದಿತು. ಕಾಡನ್ನೂ ವನ್ಯಜೀವಿಯನ್ನೂ ಕಾಪಾಡುವುದು ರಾಜ್ಯದ ಗುರಿ ಎನ್ನುತ್ತದೆ ಮೊದಲನೆಯದು, ಜೀವಿಗಳ ಮೇಲೆ ಕರುಣೆ ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ ಎರಡನೆಯದು.

ಹೈಕೋರ್ಟಿನ ಮುಂದೆ ಪ್ರಕರಣ ಇದ್ದಾಗಲೇ, 2013ರ ಏಪ್ರಿಲ್‌ನಲ್ಲಿ, ಗಿರ್ ಸಿಂಹಗಳನ್ನು ಮಧ್ಯಪ್ರದೇಶದ ಕುನೋಗೆ ಸಾಗಿಸುವ ಕುರಿತು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮನುಷ್ಯನಿಗೆ ಏನು ಅನುಕೂಲ ಎಂದು ಕೇಳುವುದಲ್ಲ, ಆ ಜೀವಸಂಕುಲಕ್ಕೆ ಏನು ಒಳ್ಳೆಯದು ಎಂದು ಕೇಳಬೇಕು ಎಂಬುದು ಅದರ ತಿರುಳು. ಮರುವರ್ಷದ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ 21ನೇ ವಿಧಿಯ ‘ಜೀವ’ ಎಂಬ ಮಾತಿಗೆ ಪ್ರಾಣಿಗಳ ಜೀವವೂ ಸೇರುವಂಥ ಅರ್ಥ ಬಂತು. ಈ ಅಳತೆಗೋಲು ಹಿಡಿದು ನೋಡಿದರೆ ಆಲೂರಿನ ತೆರವಿಗೆ ಸಮರ್ಥನೆ ಸಿಗುತ್ತದೆ. ಹಿನ್ನೀರು ಮತ್ತು ತೋಟಗಳ ನಡುವೆ ಸಿಕ್ಕಿಕೊಂಡ ಹಿಂಡಿಗೆ ಅಲ್ಲಿ ಭವಿಷ್ಯವಿಲ್ಲ ಎಂಬುದು ಆನೆಯ ಪರವಾದ ಮಾತೂ ಹೌದು. ಆದರೆ ಅದೇ ಅಳತೆಗೋಲು ಇನ್ನೊಂದು ಪ್ರಶ್ನೆ ಕೇಳುತ್ತದೆ: ತೆಗೆದ ಆನೆ ಎಲ್ಲಿಗೆ ಹೋಯಿತು? ಶಿಬಿರದ ಸಂಕೋಲೆಗೆ ಹೋದ ಆನೆಗೆ ಅದು ಒಳ್ಳೆಯದಾಯಿತೇ?

ಇನ್ನು ಮಾವನ ದೊಡ್ಡಿಯ ಪ್ರಶ್ನೆ. 39ನೇ ಸೆಕ್ಷನ್ನಿನ ಅಕ್ಷರ ಓದಿದರೆ ಮನಸ್ಸು ಕಲಕುತ್ತದೆ. ಹಿಡಿದ ಆನೆ ಸರ್ಕಾರದ ಆಸ್ತಿ. ಸತ್ತ ಆನೆ ಸರ್ಕಾರದ ಆಸ್ತಿ. ಅದರ ದಂತ ಸರ್ಕಾರದ ಆಸ್ತಿ. ಬದುಕಿ ಗದ್ದೆಯಲ್ಲಿ ನಿಂತ ಆನೆಯ ಬಗ್ಗೆ ಆ ಸೆಕ್ಷನ್ ಹಾಗೆ ಹೇಳುವುದಿಲ್ಲ. ಬೇಸತ್ತ ಯಾರೋ ಬೇಲಿಗೆ ಕರೆಂಟು ಕೊಟ್ಟು ಆನೆ ಸತ್ತರೆ, ಮರುಕ್ಷಣ ಅದಕ್ಕೆ ಯಜಮಾನ ಹುಟ್ಟುತ್ತಾನೆ, ತಂತಿ ಕಟ್ಟಿದವನಿಗೆ 3ರಿಂದ 7 ವರ್ಷದ ಸೆರೆಯ ಭಯ ಎದುರಾಗುತ್ತದೆ. ಆ ಶಿಕ್ಷೆ ಇರಲೇಬೇಕು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ನಾನು ಕೇಳುವುದು ಅದರ ಮುಂಚಿನ ರಾತ್ರಿಯ ಬಗ್ಗೆ. ಆ ರಾತ್ರಿ ಗದ್ದೆ ಕಳೆದುಕೊಂಡವನಿಗೆ ಉತ್ತರ ಹೇಳಬೇಕಾದವರು ಯಾರು?

ದಯಾತ್ಮಕ ಧನ

ನಮ್ಮ ರಾಜ್ಯದಲ್ಲಿ ಆ ಉತ್ತರಕ್ಕೆ ಒಂದು ಹೆಸರಿದೆ: ದಯಾತ್ಮಕ ಧನ. ಅರ್ಜಿಯ ಮೇಲೂ ಇದೇ ಪದ, ಆದೇಶದ ಮೇಲೂ ಇದೇ ಪದ. ಆನೆ ತುಳಿದು ಜೀವ ಹೋದರೆ ಕೊಡುವ ಮೊತ್ತ ಏಳೂವರೆ ಲಕ್ಷ ಇದ್ದದ್ದು 2022ರಲ್ಲಿ 15 ಲಕ್ಷಕ್ಕೆ ಏರಿದ್ದು ನಿಜ. ಅದರ ಹಿಂದೆ ಹಾಸನ, ಮೂಡಿಗೆರೆ ಕಡೆಯ ಎಷ್ಟೋ ಶವಗಳ ಮುಂದೆ ನಡೆದ ಧರಣಿಗಳ ನೆರಳಿದೆ. ಮೊತ್ತ ಏರಿತು, ಹೆಸರು ಬದಲಾಗಲಿಲ್ಲ. ದಯೆಯನ್ನು ಕೇಳಿ ಪಡೆಯಬಹುದು, ತಡವಾದರೆ ದಬಾಯಿಸಿ ಕೇಳಲು ಬರುವುದಿಲ್ಲ.

ಮಾವನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೆ. ಪಹಣಿ ಬೇಕು, ಫೋಟೋ ಬೇಕು, ಮಹಜರು ಆಗಬೇಕು. ಪಹಣಿಯಲ್ಲಿ ಇನ್ನೂ ತಾತನ ಹೆಸರಿತ್ತು, ಪೌತಿ ಖಾತೆ ಆಗಿರಲಿಲ್ಲ. ಒಂದು ಕಚೇರಿಯಲ್ಲಿ ಅದಕ್ಕೇ ಅರ್ಜಿ ನಿಂತಿತು. ಮುಳುಗಡೆಯಾಗಿ ಬಂದ ಕುಟುಂಬಗಳಲ್ಲಿ ದಾಖಲೆ ಸರಿಯಿರುವುದು ಕಡಿಮೆ. ಆನೆಯ ಹೊಡೆತ ಹೆಚ್ಚಾಗಿ ಬೀಳುವುದೂ ಅವರ ಮೇಲೆಯೇ. ಕಾಫಿ ಗಿಡ ಮುರಿದರೆ ಲೆಕ್ಕ ಇನ್ನೂ ಕಷ್ಟ. ರೋಬಸ್ಟಾ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ಒಂದು ಗಿಡ ಹೋದರೆ ಹೋದದ್ದು ಗಿಡವೊಂದೇ ಅಲ್ಲ, ಅಷ್ಟು ವರ್ಷಗಳ ಹಣ್ಣೂ ಹೋಯಿತು. ತೋಟದ ಕೂಲಿಯವರ ಕಥೆ ಅರ್ಜಿಯ ಯಾವ ಕಾಲಂನಲ್ಲೂ ಇಲ್ಲ. ಆನೆ ತೋಟದಲ್ಲಿದೆ ಎಂದು ಲೈನ್ ಮನೆಯಲ್ಲೇ ಕೂತ ದಿನದ ಸಂಬಳ ಯಾರು ಕೊಡುತ್ತಾರೆ? ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವವರು, ಆನೆಗೆ ಮೊದಲು ಎದುರಾಗುವವರು ಅವರೇ.

ಸಂವಿಧಾನದ 300ಎ ವಿಧಿ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ. ಆನೆ ತಿಂದ ಭತ್ತ ಸರ್ಕಾರ ಕಸಿದ ಭತ್ತವಲ್ಲ ಎಂದು ವಾದಿಸಬಹುದು. ಆದರೆ ಆನೆಯನ್ನು ಮುಟ್ಟಬೇಡ ಎಂದು ಹೇಳುವುದು ಸರ್ಕಾರ, ಆನೆಯ ದಾರಿಗೆ ನೀರು ತುಂಬಿಸಿದ್ದು ಸರ್ಕಾರ, ಆ ದಾರಿಯ ಅಂಚಿಗೆ ಮಾವನ ಅಪ್ಪನನ್ನು ತಂದು ಕೂರಿಸಿದ್ದೂ ಸರ್ಕಾರ. ಇಷ್ಟಾದ ಮೇಲೂ ನಷ್ಟ ದೈವೇಚ್ಛೆ, ಪರಿಹಾರ ದಯೆ ಎಂದರೆ ಸಮಾನತೆಯ 14ನೇ ವಿಧಿ, ಜೀವದ ಹಕ್ಕಿನ 21ನೇ ವಿಧಿ ಸುಮ್ಮನಿರಬಾರದು. ಆನೆ ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಎತ್ತಬೇಕಾಗಿದ್ದ ಪ್ರಶ್ನೆ ಇದು ಎಂದು ನಾನು ನಂಬಿದ್ದೇನೆ.

ಹಿಡಿದ ಮೇಲೆ

22 ಆನೆ ಹೋದ ಮೇಲೆ ಸ್ವಲ್ಪ ಕಾಲ ನೆಮ್ಮದಿ ಇತ್ತು. ಮಾವ ಆ ವರ್ಷ ಗದ್ದೆಗೆ ಅಟ್ಟಣೆ ಕಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು: “ಮತ್ತೆ ಇಳಿದವೆ ಕಣಪ್ಪ.”

ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದು ಸೇರಿದವು. ನೀರು ಅಲ್ಲೇ ಇತ್ತು, ಬಾಳೆ ಅಲ್ಲೇ ಇತ್ತು, ದಾರಿಯೂ ತೆರೆದೇ ಇತ್ತು. ತೆರವು ವಲಯ ಎಂದು ಕರೆದ ಮೇಲೆ ಹೊಸ ಆನೆ ಒಳಬರದಂತೆ ಗಡಿ ಭದ್ರವಾಗಬೇಕಿತ್ತು, ಹಿಂದಿನ ಕಾಡು ಗಟ್ಟಿಯಾಗಬೇಕಿತ್ತು. ಹಿಡಿಯುವ ಕೆಲಸ ತಿಂಗಳುಗಳಲ್ಲಿ ಮುಗಿಯಿತು. ಉಳಿದ ಕೆಲಸಕ್ಕೆ ವರ್ಷಗಳೇ ಬೇಕು, ದುಡ್ಡು ಬೇಕು, ಕಂದಾಯ ಮತ್ತು ಅರಣ್ಯ ಎರಡೂ ಕಡೆಯವರು ಒಂದೇ ಮೇಜಿಗೆ ಕೂರಬೇಕು. ಆನೆ ತಡೆಯಲು ರೈಲು ಹಳಿಯ ಕಂಬಿಗಳಿಂದ ಕಟ್ಟುವ ಬೇಲಿ ಬಂದದ್ದು ತುಂಡುತುಂಡಾಗಿ. ಬೇಲಿ ಮುಗಿಯುವ ಕಡೆಯಿಂದ ಆನೆ ಬಳಸಿಕೊಂಡು ಬರುತ್ತದೆ. ಕಾಡಂಚಿನ ಕೆಲವು ಊರಿನವರು, ಸರಿಯಾದ ಬೆಲೆ ಕೊಟ್ಟರೆ ಜಮೀನು ಬಿಟ್ಟು ಹೋಗುತ್ತೇವೆ, ಕಾಡು ಮಾಡಿಕೊಳ್ಳಿ ಎಂದು ತಾವೇ ಮುಂದೆ ಬಂದದ್ದೂ ಉಂಟು. ರೈತ ತಾನಾಗಿ ನೆಲ ಬಿಡುತ್ತೇನೆ ಎನ್ನುವ ಮಾತು ಎಷ್ಟು ಭಾರದ್ದು ಎಂದು ನೆಲ ಕಳೆದುಕೊಂಡ ಮನೆಯವರಿಗೆ ಗೊತ್ತು.

ಈಗ ಆನೆ ಆಲೂರಿನಲ್ಲಷ್ಟೇ ಇಲ್ಲ. ಸಕಲೇಶಪುರದ ಹೆತ್ತೂರು, ಯಸಳೂರು, ಬೇಲೂರಿನ ಬಿಕ್ಕೋಡು, ಅರೇಹಳ್ಳಿ, ಅಲ್ಲಿಂದ ಮುಂದೆ ಮೂಡಿಗೆರೆ, ಚಿಕ್ಕಮಗಳೂರು. ಜನ ಅವುಗಳಿಗೆ ಹೆಸರಿಟ್ಟಿದ್ದಾರೆ: ಭೀಮ, ಕರಡಿ, ಭುವನೇಶ್ವರಿಯ ಗುಂಪು, ಬೀಟಮ್ಮನ ಗುಂಪು. ಕೆಲವಕ್ಕೆ ರೇಡಿಯೋ ಕಾಲರ್ ಇದೆ. ಬೆಳಿಗ್ಗೆ ಎದ್ದ ಕೂಡಲೇ ಯಾವ ಗುಂಪು ಯಾವ ತೋಟದಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ (ಇದು ವರದಿ ಕೊಟ್ಟ ತಜ್ಞರ ಪಡೆಯಲ್ಲ) ಹುಡುಗರು ರಾತ್ರಿಯೆಲ್ಲ ಹಿಂಡಿನ ಹಿಂದೆ ನಡೆಯುತ್ತಾರೆ. ಆ ಸಂದೇಶಗಳು ಜೀವ ಉಳಿಸಿವೆ, ಅದನ್ನು ಮನಸಾರೆ ಹೇಳುತ್ತೇನೆ. ತಜ್ಞರ 2012ರ ವರದಿ ಸಹಬಾಳ್ವೆಯ ವಲಯ ಎಂದು ಕರೆದದ್ದರ ನಿಜವಾದ ರೂಪ ಇದೇ. ಅದು ತೆರವಿನ ವಲಯದಲ್ಲಿ ನಡೆಯುತ್ತಿದೆ ಎಂಬುದೇ ಈ ಪ್ರಕರಣದ ನೋವು.

ಹಿಡಿಯುವ ಕೆಲಸ ಎಷ್ಟು ಅಪಾಯದ್ದು ಎಂದು ಇಡೀ ರಾಜ್ಯಕ್ಕೆ ಗೊತ್ತಾದದ್ದು 2023ರ ಡಿಸೆಂಬರ್ 4ರಂದು. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ, ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದ ಜೊತೆ ಕಾದಾಡಿ ಸತ್ತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡ ಆನೆಗೆ ಅರಿವಳಿಕೆ ಕೊಡಲು ಹೋದ ಅನುಭವಿ ಸಿಬ್ಬಂದಿಯೊಬ್ಬರು ಆನೆಯ ದಾಳಿಗೆ ಸಿಕ್ಕು ತೀರಿಕೊಂಡಿದ್ದರು. ಆಮೇಲೆ ಭದ್ರಾ ಅಭಯಾರಣ್ಯದಲ್ಲಿ ಆನೆ ವಿಹಾರ ಧಾಮ ಮಾಡಿ, ತೋಟದ ಆನೆಗಳನ್ನು ಅಲ್ಲಿಗೆ ಒಯ್ಯುವ ಮಾತು ಸರ್ಕಾರದಿಂದ ಬಂತು. 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಅತಿ ಹೆಚ್ಚು. ಇಷ್ಟು ಆನೆ ಇರುವ ರಾಜ್ಯದಲ್ಲಿ ಒಂದು ತಾಲ್ಲೂಕಿನಿಂದ ಎತ್ತಿ ಇನ್ನೊಂದು ಕಡೆ ಇಟ್ಟರೆ ಆ ಇನ್ನೊಂದು ಕಡೆಯ ಗದ್ದೆಯವರು ಏನು ಕೇಳುತ್ತಾರೆ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಹೊಸ ಅರ್ಜಿಯ ಕರಡು

ಮಾವನೂ ಅಕ್ಕಪಕ್ಕದ ಹಿಡುವಳಿದಾರರೂ ಸೇರಿ ಮತ್ತೆ ಹೈಕೋರ್ಟಿಗೆ ಹೋಗಬೇಕೆಂದಿದ್ದಾರೆ. ಕರಡು ನನ್ನ ಮೇಜಿನ ಮೇಲಿದೆ. ಮೊದಲನೇ ಪ್ರಾರ್ಥನೆ ಆನೆಯದ್ದಲ್ಲ, ನೆಲದ್ದು. ಕಾಡಂಚಿನಲ್ಲಿ ತಾವಾಗಿ ಜಮೀನು ಬಿಡುವವರಿಗೆ ನ್ಯಾಯವಾದ ಬೆಲೆ ಕೊಟ್ಟು, ಕಾಡಿನ ತುಂಡುಗಳನ್ನು ಕೂಡಿಸುವ ಕಾಲಬದ್ಧ ಯೋಜನೆ ಸಲ್ಲಿಸುವಂತೆ ಸರ್ಕಾರಕ್ಕೆ ನಿರ್ದೇಶನ ಕೊಡಬೇಕು. ಎರಡನೆಯದು, 2012ರ ವರದಿಯ ಯಾವ ಭಾಗ ಎಷ್ಟು ಜಾರಿಯಾಗಿದೆ ಎಂದು ಪ್ರಮಾಣಪತ್ರ ಹಾಕಿಸಬೇಕು, ಆ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನ್ಯಾಯಾಲಯ ನೋಡಬೇಕು. ಮೂರನೆಯದು, ಬೆಳೆ ಮತ್ತು ಜೀವಹಾನಿಯ ಹಣವನ್ನು ಹಕ್ಕಿನ ಪರಿಹಾರ ಎಂದು ಘೋಷಿಸಬೇಕು, ಕೂಲಿಯವರ ಕಳೆದುಹೋದ ದಿನಗಳೂ ಅದರಲ್ಲಿ ಬರಬೇಕು, ಪಹಣಿ ತಾತನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ನಿಲ್ಲಬಾರದು.

ಕರಡನ್ನು ಮಾವನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

“ಆನೆ ಹಿಡೀರಿ ಅಂತ ಎಲ್ಲೂ ಬರ್ದೇ ಇಲ್ವಲ್ಲಪ್ಪ?”

“ಇಲ್ಲ ಮಾವ. ಒಂದ್ಸಲ ಹಿಡಿದ್ರಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಜನಾನ ಕೊಂದಿರೋ ಒಂಟಿ ಸಲಗ ಇದ್ರೆ ಅದನ್ನಾದ್ರೂ ಹಿಡೀಲೇಬೇಕು. ಹೆಂಗಸ್ರು ಹಣ್ಣು ಕುಯ್ಯಕ್ಕೆ ಹೋಗಬೇಕು, ಮಕ್ಕಳು ಸ್ಕೂಲಿಗೆ ನಡೀಬೇಕು. ಅದನ್ನ ಬರಿ. ಮಿಕ್ಕಿದ್ದು ನೀ ಬರ್ದಂಗೇ ಇರ್ಲಿ.”

ಅವರು ಹೇಳಿದ್ದು 11ನೇ ಸೆಕ್ಷನ್ನಿಗೆ ಸರಿಯಾಗಿ ಹೊಂದುತ್ತದೆ. ನಾಲ್ಕನೇ ಪ್ರಾರ್ಥನೆಯಾಗಿ ಸೇರಿಸಿದ್ದೇನೆ. ವಕಾಲತ್ತಿಗೆ ಇನ್ನೂ ಐದು ಜನರ ಸಹಿ ಬರಬೇಕು. ಕೊಯ್ಲು ಮುಗಿಯಲಿ ಎಂದಿದ್ದಾರೆ.